ಘೇಂಡಾಮೃಗ ನೆನಪಿದೆ, ಎರಡು ರೂಪಾಯಿ ನೆನಪಿಲ್ಲ

ಮೊದಲು ಒಂದು ಸಣ್ಣ ಪರೀಕ್ಷೆ. ಜೇಬಿಗೆ, ಪರ್ಸಿಗೆ ಕೈ ಹಾಕಬೇಡಿ. ಫೋನಿನಲ್ಲಿ ಹುಡುಕಬೇಡಿ. ಈಗ ಹೇಳಿ, ಎರಡು ರೂಪಾಯಿ ನಾಣ್ಯದ ಮೇಲೆ ಏನಿದೆ?

ಹೊಳೀಲಿಲ್ಲ ಅಲ್ವಾ? ಬಿಡಿ, ಇನ್ನೊಂದು ಪ್ರಶ್ನೆ. ನಾವು ಚಿಕ್ಕವರಿದ್ದಾಗ ಪೆಪ್ಪರಮೆಂಟಿಗೆ ಕೊಡುತ್ತಿದ್ದ ನಾಲ್ಕಾಣೆಯ ಮೇಲೆ ಏನಿತ್ತು? ಮೂವತ್ತು ದಾಟಿದವರು ಕಣ್ಣು ಮುಚ್ಚಿ ಹೇಳ್ತಾರೆ: ಘೇಂಡಾಮೃಗ. 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೊರಬಿದ್ದ ನಾಣ್ಯ ಇಷ್ಟು ವರ್ಷದ ಮೇಲೂ ನೆನಪಿದೆ, ನಿನ್ನೆ ಹಾಲಿನ ಅಂಗಡಿಯವರು ವಾಪಸ್ ಕೊಟ್ಟ ನಾಣ್ಯ ನೆನಪಿಲ್ಲ. ನಿಮ್ಮ ಜ್ಞಾಪಕಶಕ್ತಿಯನ್ನು ಬೈದುಕೊಳ್ಳಬೇಡಿ. ಘೇಂಡಾಮೃಗ 1988ರಿಂದ ಹದಿನಾಲ್ಕು ವರ್ಷ ಅದೇ ಸ್ಟೀಲಿನಲ್ಲಿ, ಅದೇ 19 ಮಿಲಿಮೀಟರ್ ಅಳತೆಯಲ್ಲಿ ಕದಲದೆ ನಿಂತಿತ್ತು. ಎರಡು ರೂಪಾಯಿಗೆ ನಿಲ್ಲೋದಕ್ಕೇ ಪುರುಸೊತ್ತು ಸಿಕ್ಕಿಲ್ಲ.

ನಾನು ನಾಣ್ಯ ಕೂಡಿಡುವವನು. ವಾರವಿಡೀ ಆಫೀಸು, ಭಾನುವಾರ ಬಂದರೆ ಆಲ್ಬಮ್ಮು, ಭೂತಗನ್ನಡಿ. ಹಾಗಾಗಿ ಎಲ್ಲರೂ ನನ್ನನ್ನು ಕೇಳೋದು ಒಂದೇ ಮಾತು: 'ಸರ್ಕಾರ ವರ್ಷಕ್ಕೊಂದು ಹೊಸ ಡಿಸೈನ್ ಬಿಟ್ರೆ ನಿಮಗೆ ಹಬ್ಬ ಅಲ್ವಾ?' ಅಲ್ಲ ಸ್ವಾಮಿ. ಚಲಾವಣೆಯ ನಾಣ್ಯದ ರೂಪವನ್ನು ಹೀಗೆ ಪದೇಪದೇ ಬದಲಾಯಿಸುವುದು ತಪ್ಪು ಅಂತ ನಾನು ವಾದಿಸುತ್ತೇನೆ. ಕೂಡಿಡುವವನಾಗಿಯೇ ವಾದಿಸುತ್ತೇನೆ.

ಒಂದು ರೂಪಾಯಿಯ ಜಾತಕ ನೋಡಿ. 1992ರಲ್ಲಿ ಸ್ಟೀಲಿನ ಒಂದು ರೂಪಾಯಿ ಬಂತು, ಅಂಕಿಯ ಎರಡು ಪಕ್ಕದಲ್ಲಿ ತೆನೆ. 2004ರಲ್ಲಿ ತೆನೆ ಹೋಗಿ ನಾಲ್ಕು ಗೆರೆ ಕೂಡುವ 'ವಿವಿಧತೆಯಲ್ಲಿ ಏಕತೆ'ಯ ಗುರುತು ಬಂತು. ಅದು ಶಿಲುಬೆಯ ಹಾಗಿದೆ ಅಂತ ಗಲಾಟೆ ಆಯಿತು. 2007ರಲ್ಲಿ ಗೆರೆ ಹೋಗಿ ನೃತ್ಯದ ಹಸ್ತಮುದ್ರೆ: ಹೆಬ್ಬೆಟ್ಟು ಎತ್ತಿದ ಕೈ ಒಂದು ರೂಪಾಯಿಗೆ, ಎರಡು ಬೆರಳು ಎರಡು ರೂಪಾಯಿಗೆ. 2011ರಲ್ಲಿ ಕೈ ಹೋಗಿ ಹೂವು ಬಂತು, ಜೊತೆಗೆ ಹೊಸ ₹ ಚಿಹ್ನೆ. 2019ರಲ್ಲಿ ಹೂವು ಹೋಗಿ ಮತ್ತೆ ತೆನೆ! 2022ರ ಜೂನ್‌ನಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವದ ಲಾಂಛನ. ಹದಿನೆಂಟು ವರ್ಷದಲ್ಲಿ ಐದು ಹೊಸ ಮುಖ. ನಡುನಡುವೆ ಬಂದ ಸ್ಮರಣಾರ್ಥ ನಾಣ್ಯಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಇವೆಲ್ಲ ಇವತ್ತಿಗೂ ಕಾನೂನಿನ ಪ್ರಕಾರ ಚಲಾವಣೆಯಲ್ಲಿರುವ ನಾಣ್ಯಗಳೇ.

ಮುಖ ಬದಲಾದರೆ ಏನಂತೆ, ಬೆಲೆ ಬರೆದಿರುತ್ತಲ್ಲ ಅಂತೀರಾ? ಮುಖ ಮಾತ್ರ ಬದಲಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮೈಯೂ ಬದಲಾಯಿತು, ಅಲ್ಲೇ ಎಡವಟ್ಟು ಆಗಿದ್ದು.

25 ಮಿಲಿಮೀಟರ್ ಅನ್ನೋ ಒಂದು ಅಳತೆಯನ್ನು ಹಿಡಿದು ಹೋಗೋಣ. 1992ರಲ್ಲಿ 25 ಮಿಲಿಮೀಟರ್ ಅಗಲದ ಸ್ಟೀಲ್ ನಾಣ್ಯ ಅಂದರೆ ಒಂದು ರೂಪಾಯಿ. 2011ರಲ್ಲಿ 25 ಮಿಲಿಮೀಟರ್ ಅಗಲದ ಸ್ಟೀಲ್ ನಾಣ್ಯ ಅಂದರೆ ಎರಡು ರೂಪಾಯಿ. ತೂಕವೂ ಅದೇ, 4.85 ಗ್ರಾಂ. 2019ಕ್ಕೆ ಬನ್ನಿ, 25 ಮಿಲಿಮೀಟರ್ ಈಗ ಐದು ರೂಪಾಯಿ! ಅದರ ಬಣ್ಣ ಹಳದಿ ಅನ್ನೋದೊಂದೇ ಸಮಾಧಾನ. ಕೆಳಗಿನ ಮೆಟ್ಟಿಲಲ್ಲೂ ಇದೇ ಕತೆ. 1988ರ ಸ್ಟೀಲಿನ ಎಂಟಾಣೆ 22 ಮಿಲಿಮೀಟರ್ ಇತ್ತು, 2011ರ ಒಂದು ರೂಪಾಯಿ ಹೆಚ್ಚುಕಡಿಮೆ ಅಷ್ಟೇ ಅಗಲ. 2019ರ ಒಂದು ರೂಪಾಯಿ 20 ಮಿಲಿಮೀಟರಿಗೆ ಇಳಿದು ನಮ್ಮ ಘೇಂಡಾಮೃಗದ ನಾಲ್ಕಾಣೆಯ ಹೆಗಲಿಗೆ ಬಂದು ನಿಂತಿದೆ. ತಮ್ಮನಿಗೆ ಅಣ್ಣನ ಹಳೇ ಅಂಗಿ ತೊಡಿಸೋದು ನಮ್ಮಲ್ಲಿ ವಾಡಿಕೆ. ಇಲ್ಲಿ ಅಣ್ಣನಿಗೆ ತಮ್ಮನ ಅಂಗಿ ತೊಡಿಸಿದ್ದಾರೆ. ಮೂವರೂ ಒಂದೇ ಮನೆಯಲ್ಲಿ, ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಇದ್ದಾರೆ. ಯಾರು ಯಾರು ಅಂತ ಗುರುತು ಹಿಡಿಯೋದು ನಮ್ಮ ಪಾಡು.

'ಕಣ್ಣು ಬಿಟ್ಟು ನೋಡಿದ್ರೆ ಆಯ್ತು' ಅನ್ನೋದು ಸುಲಭ. ನಮ್ಮ ಏರಿಯಾದ ದೇವಸ್ಥಾನದ ಹತ್ತಿರ ಊದುಬತ್ತಿ, ಕರ್ಪೂರ ಮಾರುವ ಒಬ್ಬರಿದ್ದಾರೆ. ಹುಟ್ಟಿನಿಂದ ಕಣ್ಣು ಕಾಣಿಸಲ್ಲ. ಒಂದು ಸಲ ಚಿಲ್ಲರೆ ಎಣಿಸುತ್ತಿದ್ದರು. ಪ್ರತಿ ನಾಣ್ಯವನ್ನೂ ಉಗುರಿನಿಂದ ಸವರಿ, ಅಂಗೈಯಲ್ಲಿ ತೂಗಿ, ಆಮೇಲೂ ಅನುಮಾನದಲ್ಲೇ ಪಕ್ಕಕ್ಕಿಡುತ್ತಿದ್ದರು. 'ಕಷ್ಟ ಆಗುತ್ತಾ ಅಣ್ಣಾ?' ಅಂದೆ. 'ಮೊದಲು ಹನ್ನೊಂದು ಮೂಲೆಯ ಎರಡು ರೂಪಾಯಿ ಇತ್ತಲ್ಲ ಸಾರ್, ಅದು ಕೈಗೆ ಬಿದ್ದ ತಕ್ಷಣ ಗೊತ್ತಾಗೋದು. ಈಗ ನೋಟಿಗೆ ಪಕ್ಕದ ಅಂಗಡಿಯವರನ್ನ ಕೇಳ್ತೀನಿ, ಅದು ಸರಿ. ಎರಡು ರೂಪಾಯಿಗೂ ಇನ್ನೊಬ್ಬರನ್ನ ಕೇಳೋಕೆ ನಾಚಿಕೆ ಆಗುತ್ತೆ' ಅಂದರು.

ಆ ಹನ್ನೊಂದು ಮೂಲೆಯ ನಾಣ್ಯ 1992ರದ್ದು, ಮೇಲೆ ಭಾರತದ ನಕ್ಷೆ. 2005ರಲ್ಲಿ ಅದನ್ನು ದುಂಡಗೆ ಮಾಡಿ ಸುಮಾರು 27 ಮಿಲಿಮೀಟರಿಗೆ ಹಿಗ್ಗಿಸಿದರು. 2011ರಲ್ಲಿ 25ಕ್ಕೆ ಕುಗ್ಗಿಸಿದರು. 2019ರಲ್ಲಿ 23ಕ್ಕೆ ಇಳಿಸಿದರು. ಅಕ್ಷರ ಬರದವರಿಗೂ ಬೆರಳೆಣಿಸಿದರೆ ಬೆಲೆ ತಿಳಿಯುವಂಥ ಹಸ್ತಮುದ್ರೆ ಬಂತಲ್ಲ, ಆ ಒಳ್ಳೆಯ ಯೋಚನೆಗೆ ಸಿಕ್ಕ ಆಯುಸ್ಸು ನಾಲ್ಕು ವರ್ಷ. ಜನ ಕಲಿತುಕೊಳ್ಳುವ ಹೊತ್ತಿಗೆ ಪಾಠವೇ ಬದಲು.

ಈ ವಿದ್ಯೆ ನಮ್ಮ ದೇಶಕ್ಕೆ ಗೊತ್ತಿರಲಿಲ್ಲ ಅಂತಲ್ಲ. 1957ರ ಏಪ್ರಿಲ್ 1ಕ್ಕೆ ಆಣೆ-ಪೈ ಬಿಟ್ಟು ನಯಾ ಪೈಸೆಗೆ ಬಂದಾಗ ಇಡೀ ದೇಶ ಹೊಸ ಲೆಕ್ಕ ಕಲಿಯಬೇಕಿತ್ತು. ಆಗ ಯೋಚನೆ ಮಾಡಿದವರು ಕೈಗೆ ತಿಳಿಯುವ ಹಾಗೆ ಆಕಾರ ಕೊಟ್ಟರು. ಒಂದು ಪೈಸೆ ದುಂಡಗೆ, ಎರಡು ಪೈಸೆಗೆ ಅಲೆ ಅಲೆಯ ಅಂಚು, ಐದು ಪೈಸೆ ಚೌಕ, ಹತ್ತು ಪೈಸೆ ದೊಡ್ಡದಾಗಿ ಮತ್ತೆ ಅಲೆಯ ಅಂಚು. ಮುಂದೆ ಲೋಹ ಬದಲಾಗಿ ಅಲ್ಯೂಮಿನಿಯಂ ಬಂದಾಗಲೂ ಐದು ಪೈಸೆ ಚೌಕವಾಗಿಯೇ ಇತ್ತು, ಹತ್ತು ಪೈಸೆಯ ಅಂಚಿನ ಅಲೆ ಹೋಗಲಿಲ್ಲ. ನಮ್ಮ ಅಜ್ಜಿಯರು ಸೆರಗಿನ ಗಂಟು ಬಿಚ್ಚದೇ ಹೊರಗಿನಿಂದ ಮುಟ್ಟಿಯೇ ಎಷ್ಟಿದೆ ಅಂತ ಹೇಳ್ತಿದ್ದರು. ಇವತ್ತು ಅದೇ ದೇಶದ ಒಂದು, ಎರಡು ರೂಪಾಯಿಯನ್ನು ಹಗಲು ಬೆಳಕಿನಲ್ಲಿ ಕನ್ನಡಕ ಏರಿಸಿ ನೋಡಬೇಕು.

ಇನ್ನು ಹತ್ತು ರೂಪಾಯಿಯ ಕತೆ. ಇದು ನಿಮಗೆ ಗೊತ್ತಿರುವುದೇ. 'ಹತ್ತು ರೂಪಾಯಿ ಕಾಯಿನ್ ನಡೆಯಲ್ಲ, ನೋಟು ಕೊಡಿ' ಅಂತ ಆಟೋದವರು, ತರಕಾರಿಯವರು, ಬಸ್ಸಿನಲ್ಲಿ ಕಂಡಕ್ಟರು ಹೇಳಿದ್ದನ್ನು ಕೇಳದ ಬೆಂಗಳೂರಿಗರು ಇದ್ದರೆ ಕೈ ಎತ್ತಿ. ಸುದ್ದಿ ಹುಟ್ಟಿದ್ದು ಹೇಗೆ? ಒಂದು ನಾಣ್ಯದಲ್ಲಿ ಅಂಕಿಯ ಮೇಲೆ ಹದಿನೈದು ಗೆರೆ, ₹ ಚಿಹ್ನೆ ಇಲ್ಲ. ಇನ್ನೊಂದರಲ್ಲಿ ಹತ್ತೇ ಗೆರೆ, ಚಿಹ್ನೆ ಇದೆ. ಎರಡೂ ಅಸಲಿ. ಆದರೆ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಒಂದು ನಕಲಿ ಅನ್ನಿಸಿದರೆ ಅವರದೇನು ತಪ್ಪು? ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿ, ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳು ಚಲಾವಣೆಯಲ್ಲಿವೆ, ಹದಿನಾಲ್ಕೂ ಊರ್ಜಿತ ಅಂತ ಹೇಳಬೇಕಾಯಿತು. 14440ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಧ್ವನಿ ಸಂದೇಶದಲ್ಲಿ ವಿವರ ಹೇಳುವ ವ್ಯವಸ್ಥೆಯನ್ನೂ ಮಾಡಿದರು.

ಸ್ವಲ್ಪ ನಿಂತು ಯೋಚಿಸಿ. ಒಂದು ನಾಣ್ಯ ಅಸಲಿ ಅಂತ ತಿಳಿಯೋಕೆ ಮಿಸ್ಡ್ ಕಾಲ್ ಕೊಡಬೇಕು ಅಂದ ಮೇಲೆ ಆ ನಾಣ್ಯ ತನ್ನ ಕೆಲಸದಲ್ಲಿ ಸೋತಿದೆ. ನಾಣ್ಯಕ್ಕಿರುವುದು ಒಂದೇ ಕೆಲಸ: ಅಪರಿಚಿತರಿಬ್ಬರು ಮಾತಿಲ್ಲದೆ ಒಬ್ಬರನ್ನೊಬ್ಬರು ನಂಬುವ ಹಾಗೆ ಮಾಡೋದು. ಹದಿನಾಲ್ಕು ಮುಖದವನನ್ನು ಯಾರು ನಂಬ್ತಾರೆ? ಅವರು ತಗೊಳ್ಳಲ್ಲ ಅಂತ ಇವರು ತಗೊಳ್ಳಲ್ಲ, ಇವರು ತಗೊಳ್ಳಲ್ಲ ಅಂತ ಅವರು ತಗೊಳ್ಳಲ್ಲ. ಈ ಸುತ್ತಿನಲ್ಲಿ ಕೊನೆಗೆ ಸಿಕ್ಕಿಕೊಳ್ಳುವವರು ನೀವು, ನಾನು ಅಲ್ಲ. ನಾವು ಸ್ಕ್ಯಾನ್ ಮಾಡಿ ಮುಂದೆ ಹೋಗ್ತೀವಿ. ದಿನದ ಕೊನೆಗೆ ಐವತ್ತು ನಾಣ್ಯ ಕೈಯಲ್ಲಿಟ್ಟುಕೊಂಡು ಯಾರೂ ತಗೊಳ್ಳದೆ ನಿಲ್ಲುವವರು ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಮಾರುವವರು.

ಹೌದು, ಈ ಪ್ರಶ್ನೆ ಬಂದೇ ಬರುತ್ತೆ: 'ಯುಪಿಐ ಕಾಲದಲ್ಲಿ ನಾಣ್ಯ ಯಾರಿಗೆ ಬೇಕು ಗುರು?' ಯಾರಿಗೆ ಬೇಕು ಅಂದರೆ, ಸ್ಮಾರ್ಟ್‌ಫೋನ್ ಇಲ್ಲದವರಿಗೆ, ಇದ್ದರೂ ಅದನ್ನು ನಂಬದ ವಯಸ್ಸಾದವರಿಗೆ, ಕಣ್ಣು ಕಾಣದವರಿಗೆ, ಸ್ಕೂಲಿಗೆ ಹೋಗುವ ಮಕ್ಕಳಿಗೆ. ನಾಣ್ಯ ಬಳಸುವವರು ಕಡಿಮೆ ಆದಷ್ಟೂ ಉಳಿದವರು ಬೇರೆ ದಾರಿ ಇಲ್ಲದವರೇ ಆಗಿರುತ್ತಾರೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಕಣ್ಣು ಕಾಣದವರಿಗಾಗಿ 'ಮನಿ' ಅನ್ನೋ ಆ್ಯಪ್ ಬಿಟ್ಟಿತು, ಒಳ್ಳೆಯ ಕೆಲಸ. ಆದರೆ ಅದು ಗುರುತಿಸೋದು ನೋಟನ್ನು. ನಾಣ್ಯವನ್ನು ಗುರುತಿಸೋಕೆ ದೇವರು ಕೊಟ್ಟ ಆ್ಯಪ್ ಬೆರಳು, ಅದನ್ನೇ ನಾವು ಗೊಂದಲಕ್ಕೆ ಕೆಡವಿದ್ದೀವಿ.

ಎದುರು ವಾದಗಳಲ್ಲಿ ಗಟ್ಟಿಯಾದದ್ದು ಲೋಹದ್ದು. ಲೋಹದ ಬೆಲೆ ಏರುತ್ತೆ, ನಾಣ್ಯ ಕುಗ್ಗಲೇಬೇಕು. 2018ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಸಿಕ್ಕ ಉತ್ತರದ ಪ್ರಕಾರ ಒಂದು ರೂಪಾಯಿ ನಾಣ್ಯ ಮಾಡೋಕೆ ತಗಲುತ್ತಿದ್ದ ಖರ್ಚು 1.11 ರೂಪಾಯಿ. ಹೀಗಿದ್ದರೆ ಯಾವ ಸರ್ಕಾರ ತಡೆದುಕೊಳ್ಳುತ್ತೆ? ಒಪ್ಪಿದೆ. ಚಿಕ್ಕದು ಮಾಡಿ, ಹಗುರ ಮಾಡಿ. ಆದರೆ ಚಿಕ್ಕದು ಮಾಡುವಾಗ ಹಳೆಯ ಒಂದರ ಅಳತೆಯನ್ನೇ ಹೊಸ ಎರಡಕ್ಕೆ ಕೊಡಬೇಕು ಅಂತ ಯಾವ ಲೋಹವೂ ಹೇಳಲಿಲ್ಲ. ಮೂಲೆ ಕೊಡಬಹುದಿತ್ತು, ಅಂಚಿಗೆ ಗೀರು ಕೊಡಬಹುದಿತ್ತು. 2019ರ ಇಪ್ಪತ್ತು ರೂಪಾಯಿ ನೋಡಿ. ಹತ್ತು ರೂಪಾಯಿಯಷ್ಟೇ ಅಗಲ, 27 ಮಿಲಿಮೀಟರ್. ಆದರೆ ಹನ್ನೆರಡು ಮೂಲೆ ಕೊಟ್ಟು, ಅಂಚನ್ನು ನುಣುಪಾಗಿ ಬಿಟ್ಟಿದ್ದಾರೆ. ಹತ್ತರ ಅಂಚಿನಲ್ಲಿ ಗೀರಿದೆ. ಕಣ್ಣು ಮುಚ್ಚಿದರೂ ಬೇರೆ ಬೇರೆ ಅಂತ ತಿಳಿಯುತ್ತೆ. ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಸಾಕ್ಷಿ ಅವರದೇ ಟಂಕಸಾಲೆಯಲ್ಲಿದೆ. ಅಲ್ಲದೆ, ಲೋಹ ಉಳಿಸೋಕೆ ಕೈಯನ್ನು ತೆಗೆದು ಹೂವು ಹಾಕಬೇಕಾಗಿಲ್ಲ, ಹೂವು ತೆಗೆದು ತೆನೆ ಹಾಕಬೇಕಾಗಿಲ್ಲ.

ಎರಡನೆಯದು ಗೌರವದ ವಾದ. ಮಹನೀಯರ ಹೆಸರಿನಲ್ಲಿ ನಾಣ್ಯ ಬೇಡವೇ? ಬೇಕು. 2006ರಲ್ಲಿ ಬಸವೇಶ್ವರರ ಐದು ರೂಪಾಯಿ ನಾಣ್ಯ ಬಂತು, ನನ್ನ ಆಲ್ಬಮ್ಮಿನಲ್ಲಿ ಅದಕ್ಕೆ ಮೊದಲ ಪುಟ. ಆದರೆ ಗೌರವಕ್ಕೂ ಒಂದು ಕ್ರಮ ಇದೆ. 1964ರಲ್ಲಿ ನೆಹರೂ ನಾಣ್ಯ ಬಂದಾಗ ಮುಖ ಮಾತ್ರ ಹೊಸದು, ರೂಪಾಯಿಯ ಮೈ 1962ರ ನಿಕ್ಕಲ್ ರೂಪಾಯಿಯದೇ. 1969ರಲ್ಲಿ ಗಾಂಧೀಜಿ ಶತಮಾನೋತ್ಸವ. ಇಂಥ ನಾಣ್ಯ ಅಪರೂಪಕ್ಕೆ ಬರುತ್ತಿತ್ತು, ಬಂದಾಗ ಜನ ತೆಗೆದು ನೋಡುತ್ತಿದ್ದರು, ಮಕ್ಕಳಿಗೆ ತೋರಿಸುತ್ತಿದ್ದರು. ಈಗ ಇಷ್ಟು ಬಗೆ ಬಂದಿದೆಯಲ್ಲ, ಯಾರ ನಾಣ್ಯ ಬಂತು, ಯಾರ ನಾಣ್ಯ ಹೋಯಿತು ಅಂತ ನೋಡುವವರಿಲ್ಲ. ಮಹನೀಯರ ಮುಖವನ್ನೇ 'ಇದು ನಕಲಿ ಇರಬೇಕು' ಅಂತ ಅಂಗಡಿಯವರು ವಾಪಸ್ ಕೊಡ್ತಾರೆ. ಇದೆಂಥ ಗೌರವ? ಹೊಸ ಸಂಸತ್ ಭವನಕ್ಕೆ 2023ರಲ್ಲಿ 75 ರೂಪಾಯಿಯ ನಾಣ್ಯ ತಂದರಲ್ಲ, ಅದು ಸರಿಯಾದ ದಾರಿ. ಅರ್ಧ ಬೆಳ್ಳಿ, 35 ಗ್ರಾಂ. ಬೇಕಾದವರು ದುಡ್ಡು ಕೊಟ್ಟು ಕೊಂಡರು, ತರಕಾರಿ ಅಂಗಡಿಯಲ್ಲಿ ಯಾರಿಗೂ ತೊಂದರೆ ಆಗಲಿಲ್ಲ.

ಮೂರನೆಯ ವಾದ ನನ್ನ ಬಳಗದ್ದೇ. ನಾಣ್ಯ ಮೇಳಗಳಲ್ಲಿ ಕೂತು ಹರಟುವಾಗ ಕೆಲವರು ಹೇಳ್ತಾರೆ: 'ಬಗೆಬಗೆ ಬಂದರೆ ತಾನೆ ಹುಡುಗರು ಹುಡುಕೋಕೆ ಶುರು ಮಾಡೋದು? ಪಾಕೆಟ್ ಮನಿಯಲ್ಲೇ ಸಂಗ್ರಹ ಶುರು ಆಗುತ್ತಲ್ಲ!' ಈ ಮಾತಿಗೆ ಅಮೆರಿಕದ ಉದಾಹರಣೆ ಕೊಡ್ತಾರೆ. ಅಲ್ಲಿ 1999ರಿಂದ 2008ರವರೆಗೆ ವರ್ಷಕ್ಕೆ ಐದರಂತೆ ಐವತ್ತು ರಾಜ್ಯಗಳ ಕ್ವಾರ್ಟರ್ ಬಂತು, ಮಕ್ಕಳು ದೊಡ್ಡವರೆಲ್ಲ ಕೂಡಿಟ್ಟರು. ನಿಜ. ಆದರೆ ಉದಾಹರಣೆಯನ್ನು ಪೂರ್ತಿ ಹೇಳಿ. ಐವತ್ತೂ ಕ್ವಾರ್ಟರುಗಳ ಅಗಲ ಒಂದೇ, ತೂಕ ಒಂದೇ, ಲೋಹ ಒಂದೇ, ಒಂದು ಕಡೆ ವಾಷಿಂಗ್ಟನ್ನರ ಮುಖ ಹಾಗೇ. ಬದಲಾಗಿದ್ದು ಹಿಂಬದಿ ಮಾತ್ರ. ಯೂರೋ ನಾಣ್ಯದಲ್ಲೂ ಬೆಲೆ ಬರೆದ ಬದಿ ಎಲ್ಲ ದೇಶಕ್ಕೂ ಸಮಾನ. ತಮ್ಮ ದೇಶದ ಬದಿಯ ಮಾಮೂಲಿ ಚಿತ್ರವನ್ನು ಬದಲಿಸಬೇಕಾದರೆ, ರಾಜ-ರಾಣಿ ಬದಲಾದ ಸಂದರ್ಭ ಬಿಟ್ಟು, ಹದಿನೈದು ವರ್ಷ ಕಾಯಬೇಕು ಅನ್ನೋ ನಿಯಮ ಇದೆ. ಸ್ವಿಟ್ಜರ್ಲೆಂಡಿನ ಹತ್ತು ರಾಪೆನ್ ನಾಣ್ಯ 1879ರಿಂದ ಅದೇ ರೂಪದಲ್ಲಿ ಓಡಾಡುತ್ತಿದೆ. ಅಲ್ಲಿ ನಾಣ್ಯ ಕೂಡಿಡುವವರು ಇಲ್ಲವೇ?

ಅಷ್ಟು ದೂರ ಯಾಕೆ, ಶ್ರೀರಂಗಪಟ್ಟಣಕ್ಕೆ ಬನ್ನಿ. ಟಿಪ್ಪು ಸುಲ್ತಾನ ಬದಲಾವಣೆಗೆ ಹೆದರಿದವನಲ್ಲ. ಕಾಲಗಣನೆಯನ್ನೇ ಬದಲಿಸಿದ, ತಾಮ್ರದ ಪೈಸೆಗಳಿಗೆ ಜೊಹ್ರಾ, ಬಹ್ರಾಮ್ ಅಂತ ಹೊಸ ಹೆಸರಿಟ್ಟ. ಆದರೆ ತಾಮ್ರದ ನಾಣ್ಯದ ಮೇಲಿನ ಆನೆಯನ್ನು ಬಿಡಲಿಲ್ಲ. ಫಾರಸಿ ಓದಲು ಬಾರದ ರೈತನಿಗೆ ಆನೆ ಕಂಡರೆ ಸಾಕಿತ್ತು. ಆ ಆನೆಗಳಲ್ಲಿ ಎಡಕ್ಕೆ ನಡೆಯುವುದು, ಬಲಕ್ಕೆ ನಡೆಯುವುದು ಅಂತ ಎಷ್ಟೊಂದು ಭೇದ! ನಾವು ಇವತ್ತಿಗೂ ಹುಡುಕಿ ಹುಡುಕಿ ಕೂಡಿಡುವುದು ಅದನ್ನೇ. ಬಳಸುವವನಿಗೆ ಒಂದೇ ಆನೆ, ಕೂಡಿಡುವವನಿಗೆ ನೂರು ಆನೆ. ಇದಕ್ಕಿಂತ ಒಳ್ಳೆಯ ಏರ್ಪಾಡು ಇದೆಯೇ?

ನಾಣ್ಯ ಕೂಡಿಡುವ ಸುಖ ಇರೋದೇ ಅಲ್ಲಿ. ಒಂದೇ ಘೇಂಡಾಮೃಗ, ಆದರೆ ಯಾವ ವರ್ಷ, ಯಾವ ಟಂಕಸಾಲೆ? ಇಸವಿಯ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದು, ವಜ್ರದ ಆಕಾರ ಇದ್ದರೆ ಮುಂಬೈ, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದೇ ನಾಣ್ಯ ಅಂತ ಲೋಕ ತಿಳಿದಿರುವ ಕಡೆ ಹತ್ತು ನಾಣ್ಯ ಕಾಣೋದು ಈ ಹುಚ್ಚಿನ ಗಮ್ಮತ್ತು. ಸರ್ಕಾರವೇ ಹತ್ತು ಬಗೆ ಮಾಡಿ ತಟ್ಟೆಯಲ್ಲಿಟ್ಟು ಕೊಟ್ಟರೆ ಅದರಲ್ಲಿ ಹುಡುಕೋಕೆ ಏನಿದೆ?

ಬಗೆಗಳು ಹೆಚ್ಚಾದಷ್ಟು ಮೋಸವೂ ಹೆಚ್ಚು. 'ವೈಷ್ಣೋದೇವಿ ಚಿತ್ರದ ಐದು ರೂಪಾಯಿ ಇದ್ದರೆ ಲಕ್ಷಗಟ್ಟಲೆ ದುಡ್ಡು' ಅನ್ನೋ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರಬೇಕು. ಚಲಾವಣೆಗೆಂದೇ ಹೊಡೆದ ನಾಣ್ಯಕ್ಕೆ ಯಾರೂ ಲಕ್ಷ ಕೊಡಲ್ಲ. ಲಕ್ಷದ ಆಸೆ ತೋರಿಸಿ 'ಮೊದಲು ಕಮಿಷನ್ ಕಳಿಸಿ' ಅನ್ನುವವರಿದ್ದಾರೆ. ತನ್ನ ಹೆಸರು ಬಳಸಿ ಹೀಗೆ ವಂಚಿಸುತ್ತಿದ್ದಾರೆ ಅಂತ 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತು. ಜನರಿಗೆ ಮಾಮೂಲಿ ನಾಣ್ಯ ಯಾವುದು, ಅಪರೂಪದ್ದು ಯಾವುದು ಅಂತಲೇ ತಿಳಿಯದ ಹಾಗೆ ಮಾಡಿದರೆ, ಆ ಕತ್ತಲಲ್ಲಿ ಕಳ್ಳರು ಓಡಾಡದೆ ಇರ್ತಾರಾ?

ಹಾಗಾದರೆ ಏನು ಮಾಡಬೇಕು? 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯದ ಅಳತೆ, ವಿನ್ಯಾಸ ತೀರ್ಮಾನಿಸುವುದು ಕೇಂದ್ರ ಸರ್ಕಾರ, ರಿಸರ್ವ್ ಬ್ಯಾಂಕಿನದು ಹಂಚುವ ಕೆಲಸ. ಆದ್ದರಿಂದ ಕೇಳಬೇಕಾದದ್ದು ಸರ್ಕಾರವನ್ನು. ನನ್ನ ಬೇಡಿಕೆ ನಾಲ್ಕೇ. ಒಂದು, ಈಗಿರುವ ಐದು ನಾಣ್ಯಗಳ ಅಗಲ, ಅಂಚು, ಲೋಹ ಇನ್ನು ಇಪ್ಪತ್ತು ವರ್ಷ ಮುಟ್ಟಬೇಡಿ. ಎರಡು, ಮುಟ್ಟಲೇಬೇಕಾಗಿ ಬಂದರೆ, ಚಲಾವಣೆಯಲ್ಲಿರುವ ಇನ್ನೊಂದು ಬೆಲೆಯ ನಾಣ್ಯದ ಅಳತೆಯನ್ನು ಹೊಸದಕ್ಕೆ ಕೊಡಬೇಡಿ, ಅಚ್ಚು ಹಾಕುವ ಮೊದಲು ಕಣ್ಣು ಕಾಣದವರ ಕೈಗೆ ಕೊಟ್ಟು ಕೇಳಿ. ಮೂರು, ಸ್ಮರಣಾರ್ಥ ನಾಣ್ಯ ಎಷ್ಟು ಬೇಕಾದರೂ ಮಾಡಿ, 75, 100 ರೂಪಾಯಿಯವು, ನಮ್ಮಂಥವರಿಗೆ ಮಾರಿ, ನಾವು ಸಂತೋಷದಿಂದ ಕೊಳ್ತೀವಿ. ನಾಲ್ಕು, ಮೈ ಅಳತೆ ಬದಲಾದ ಹಳೆಯ ನಾಣ್ಯಗಳನ್ನು ಬ್ಯಾಂಕುಗಳ ಮೂಲಕ ನಿಧಾನವಾಗಿ ಹಿಂದಕ್ಕೆ ತಗೊಳ್ಳಿ. 1992ರ ಒಂದೂ 2011ರ ಎರಡೂ ಒಂದೇ ಡಬ್ಬಿಯಲ್ಲಿ ಇರೋದು ಬೇಡ.

ನಮ್ಮಂಥವರ ಆಲ್ಬಮ್ಮು ತುಂಬಿಸೋದು ಟಂಕಸಾಲೆಯ ಕೆಲಸ ಅಲ್ಲ. ಇವತ್ತು ಒಂದನೇ ಕ್ಲಾಸಿಗೆ ಸೇರಿದ ಮಗು ಕೆಲಸಕ್ಕೆ ಸೇರುವ ಹೊತ್ತಿಗೂ ಅವಳ ಕೈಗೆ ಅದೇ ಎರಡು ರೂಪಾಯಿ ಬರಲಿ. ಆಗ ನೀವು ಎರಡು ರೂಪಾಯಿ ಮೇಲೆ ಏನಿದೆ ಅಂತ ಕೇಳಿದರೆ ಅವಳು ಜೇಬಿಗೆ ಕೈ ಹಾಕದೇ ಹೇಳ್ತಾಳೆ.